ಶೀಲ್ಡು, ಕಪ್ಪು, ಚಿನ್ನದ ಬೂಟು: ಫುಟ್‌ಬಾಲ್ ಲೀಗಿನ ಗೌರವಗಳು ಅಳೆಯುವುದೇನನ್ನು?



ಕ್ರೀಡೆಯಲ್ಲಿ ಕೊಡುವ ಪ್ರತಿಯೊಂದು ಪ್ರಶಸ್ತಿಯ ಹಿಂದೆಯೂ ಮೊದಲೇ ಗೊತ್ತುಮಾಡಿಕೊಂಡ ಒಂದು ಪ್ರಶ್ನೆ ಇರುತ್ತದೆ. ವರ್ಷವಿಡೀ ಚೆನ್ನಾಗಿ ಆಡಿದವರು ಯಾರು ಎಂಬುದು ಒಂದು ಪ್ರಶ್ನೆ. ಕೊನೆಯ ದಿನ ಗೆದ್ದವರು ಯಾರು ಎಂಬುದು ಇನ್ನೊಂದು. ಹೆಚ್ಚು ಗೋಲು ಹೊಡೆದವರು ಯಾರು, ಕಡಿಮೆ ಗೋಲು ಬಿಟ್ಟುಕೊಟ್ಟವರು ಯಾರು ಎಂಬುವು ಬೇರೆಯವೇ ಪ್ರಶ್ನೆಗಳು. ಇವುಗಳಿಗೆ ಒಂದೇ ಉತ್ತರ ಬರಬೇಕೆಂಬ ನಿಯಮವೇನೂ ಇಲ್ಲ. ಆದರೆ ನೋಡುವವರು ಮಾತ್ರ ಒಂದೇ ಉತ್ತರವನ್ನು ಬಯಸುತ್ತಾರೆ, ಏಕೆಂದರೆ ಚಾಂಪಿಯನ್ ಎಂಬ ಪದವಿ ಒಬ್ಬರಿಗೇ ಸಲ್ಲಬೇಕೆಂಬುದು ಸಾಮಾನ್ಯ ಎಣಿಕೆ. ವೃತ್ತಿಪರ ಫುಟ್‌ಬಾಲ್ ಲೀಗುಗಳ ಗೌರವಗಳ ಬಗೆಗಿನ ಹೆಚ್ಚಿನ ಜಗಳಗಳು ಹುಟ್ಟಿರುವುದು ಇಲ್ಲಿಯೇ. ಈ ಭಾಷಣದ ವಸ್ತು ಆ ಗೌರವಗಳು. ಉದಾಹರಣೆಯಾಗಿ ಎತ್ತಿಕೊಂಡಿರುವುದು 2014ರಿಂದ 2025ರವರೆಗೆ ನಡೆದ ಇಂಡಿಯನ್ ಸೂಪರ್ ಲೀಗಿನ 11 ಆವೃತ್ತಿಗಳನ್ನು.

ಮೊದಲು ಲೀಗ್ ಮತ್ತು ಕಪ್ ಎಂಬ ಎರಡು ಪದ್ಧತಿಗಳನ್ನು ತಿಳಿಯಬೇಕು. ಕಪ್ ಪದ್ಧತಿಯಲ್ಲಿ ಸೋತವರು ಮನೆಗೆ ಹೋಗುತ್ತಾರೆ, ಗೆದ್ದವರು ಮುಂದಿನ ಸುತ್ತಿಗೆ ನಡೆಯುತ್ತಾರೆ, ಕೊನೆಗೆ ಉಳಿದ ಎರಡು ತಂಡಗಳು ಫೈನಲ್ ಆಡುತ್ತವೆ. ಲೀಗ್ ಪದ್ಧತಿಯಲ್ಲಿ ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಂದಿಗೆ, ಸಾಮಾನ್ಯವಾಗಿ ಒಮ್ಮೆ ತವರಿನಲ್ಲಿ ಒಮ್ಮೆ ಎದುರಾಳಿಯ ಊರಿನಲ್ಲಿ, ಆಡುತ್ತದೆ. ಗೆಲುವಿಗೆ 3, ಡ್ರಾಗೆ 1 ಎಂದು ಅಂಕ ಕೂಡುತ್ತಾ ಹೋಗಿ ಕೊನೆಯಲ್ಲಿ ಹೆಚ್ಚು ಅಂಕ ಗಳಿಸಿದ ತಂಡ ಮೊದಲ ಸ್ಥಾನ ಪಡೆಯುತ್ತದೆ. ಇಂಗ್ಲೆಂಡಿನಲ್ಲಿ ಕಪ್ ಮೊದಲು ಹುಟ್ಟಿತು; ಅಲ್ಲಿನ ಎಫ್.ಎ. ಕಪ್ 1871-72ರದು. ಲೀಗ್ ಹುಟ್ಟಿದ್ದು 1888ರಲ್ಲಿ, ಅದೂ ಗೌರವದ ಆಸೆಗಿಂತ ಸಂಬಳದ ಚಿಂತೆಯಿಂದ. ಆಟಗಾರರಿಗೆ ಹಣ ಕೊಡುವುದು 1885ರಲ್ಲಿ ಅಧಿಕೃತವಾದ ಮೇಲೆ ಕ್ಲಬ್ಬುಗಳಿಗೆ ವಾರವಾರ ಸಂಬಳದ ಹೊರೆ ಬಂತು, ಆದರೆ ಕಪ್ಪಿನ ಮೊದಲ ಸುತ್ತಿನಲ್ಲೇ ಸೋತ ಕ್ಲಬ್ಬಿಗೆ ಟಿಕೆಟ್ ಹಣ ತರುವ ಖಾತ್ರಿಯಾದ ಪಂದ್ಯಗಳು ಉಳಿಯುತ್ತಿರಲಿಲ್ಲ. ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಅವರು ಹನ್ನೆರಡು ಕ್ಲಬ್ಬುಗಳನ್ನು ಸೇರಿಸಿ, ನಿಗದಿಯಾದ ದಿನಗಳಲ್ಲಿ ನಿಗದಿಯಾದ ಪಂದ್ಯಗಳು ನಡೆಯುವ ಏರ್ಪಾಡನ್ನು ಮಾಡಿದರು. ಆ ಮೊದಲ ಲೀಗನ್ನು ಪ್ರೆಸ್ಟನ್ ನಾರ್ತ್ ಎಂಡ್ ಒಂದು ಪಂದ್ಯವನ್ನೂ ಸೋಲದೆ ಗೆದ್ದು, ಅದೇ ವರ್ಷ ಕಪ್ಪನ್ನೂ ಒಂದು ಗೋಲನ್ನೂ ಬಿಟ್ಟುಕೊಡದೆ ಗೆದ್ದುಕೊಂಡಿತು. ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ ಬಂದ ವರ್ಷ ಅದು. ಇಂಗ್ಲೆಂಡು ಅಲ್ಲಿಂದ ಮುಂದೆ ಎರಡನ್ನೂ ಬೇರೆ ಬೇರೆ ಟೂರ್ನಿಗಳಾಗಿಯೇ ಇಟ್ಟುಕೊಂಡಿತು, ಹೀಗಾಗಿ ಅಲ್ಲಿ ಯಾರು ಚಾಂಪಿಯನ್ ಎಂಬ ಗೊಂದಲ ಹುಟ್ಟಲಿಲ್ಲ.

ಭಾರತದ ಹಾದಿ ಬೇರೆ. ಇಂಗ್ಲೆಂಡಿನಲ್ಲಿ ಲೀಗ್ ಆರಂಭವಾದ ಅದೇ 1888ರಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್ ಆರಂಭವಾಯಿತು. ಮುಂದೆ ಮುಂಬಯಿಯ ರೋವರ್ಸ್ ಕಪ್, ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಮೊದಲಾದವು ಬಂದು, ಈ ದೇಶದಲ್ಲಿ ಫುಟ್‌ಬಾಲಿನ ದೊಡ್ಡ ಗೌರವವೆಂದರೆ ಕಪ್ಪೇ ಎಂಬ ನಂಬಿಕೆ ಬೇರೂರಿತು. ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ಕ್ಲಬ್ಬು 1937ರ ಬೆಂಗಳೂರು ಮುಸ್ಲಿಮ್ಸ್. ಅದು ಮರುವರ್ಷವೂ ಗೆದ್ದಿತು. ನಗರಮಟ್ಟದ ಲೀಗುಗಳು ಕೋಲ್ಕತ್ತ, ಬೆಂಗಳೂರು ಮುಂತಾದ ಕಡೆ ಇದ್ದವು, ಆದರೆ ಇಡೀ ದೇಶಕ್ಕೆ ಒಂದು ಲೀಗ್ ಬರಲು 1996ರವರೆಗೆ ಕಾಯಬೇಕಾಯಿತು. ಆಗ ಬಂದ ನ್ಯಾಷನಲ್ ಫುಟ್‌ಬಾಲ್ ಲೀಗನ್ನು ಮೊದಲು ಗೆದ್ದದ್ದು ಪಂಜಾಬಿನ ಜೆ.ಸಿ.ಟಿ. ತಂಡ. 2007ರಲ್ಲಿ ಅದು ಐ-ಲೀಗ್ ಆಗಿ ಮಾರ್ಪಟ್ಟಿತು. ಅಂದರೆ, ಕಪ್ಪಿಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದ್ದ ದೇಶದಲ್ಲಿ ರಾಷ್ಟ್ರೀಯ ಲೀಗಿಗೆ ಇರುವುದು ಮೂವತ್ತು ವರ್ಷಗಳಷ್ಟು ಮಾತ್ರ. ಮುಂದೆ ಹೇಳುವ ಗೊಂದಲಕ್ಕೆ ಈ ವಯಸ್ಸಿನ ಅಂತರವೂ ಒಂದು ಕಾರಣ.

ಲೀಗಿನಲ್ಲಿ ರೋಚಕತೆ ಇರುವುದಿಲ್ಲ, ಅದಕ್ಕೇ ಫೈನಲ್ ಬೇಕು ಎಂಬ ವಾದ ಆಗಾಗ ಕೇಳಿಬರುತ್ತದೆ. ಇದು ಪೂರ್ತಿ ಸರಿಯಲ್ಲ. ಬೆಂಗಳೂರು ಎಫ್.ಸಿ. 2013-14ರಲ್ಲಿ, ತಾನು ಆಡಿದ ಮೊದಲ ವರ್ಷದಲ್ಲೇ, ಐ-ಲೀಗನ್ನು ಗೆದ್ದಿತು. ಮರುವರ್ಷದ ಕೊನೆಯ ದಿನ, 2015ರ ಮೇ 31ರಂದು, ಕಂಠೀರವ ಕ್ರೀಡಾಂಗಣಕ್ಕೆ ಮೋಹನ್ ಬಾಗಾನ್ ಬಂದಾಗ ಲೆಕ್ಕ ಸ್ಪಷ್ಟವಾಗಿತ್ತು: ಬೆಂಗಳೂರು ಗೆಲ್ಲಲೇಬೇಕು, ಬಾಗಾನ್‌ಗೆ ಡ್ರಾ ಸಾಕು. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಹೊಡೆದ ಗೋಲಿನಿಂದ ಬೆಂಗಳೂರು ಮುಂದಿತ್ತು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ, ಅಂದರೆ ಪ್ರಶಸ್ತಿ ಬೆಂಗಳೂರಿನ ಕೈಯಲ್ಲಿದ್ದಂತೆಯೇ ಇದ್ದಾಗ, ಸೋನಿ ನೋರ್ಡೆ ಮೈದಾನದ ಮೂಲೆಯಿಂದ ಒದ್ದ ಕಾರ್ನರ್ ಚೆಂಡಿಗೆ ಬಾಗಾನ್‌ನ ರಕ್ಷಣಾ ಆಟಗಾರ ಬೆಲ್ಲೊ ರಜಾಕ್ ತಲೆಕೊಟ್ಟರು. ಒಂದಕ್ಕೆ ಒಂದು. ಬಾಗಾನ್ 39 ಅಂಕ, ಬೆಂಗಳೂರು 37. ಫೈನಲ್ ಎಂಬ ಹೆಸರಿಲ್ಲದ ಪಂದ್ಯವೊಂದು ಫೈನಲಿನಷ್ಟೇ ಬಿಗಿಯಾಗಿ ನಡೆದದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಇಂಥ ಕೊನೆಯ ದಿನ ಪ್ರತಿವರ್ಷ ಬರುತ್ತದೆಂಬ ಭರವಸೆಯನ್ನು ಲೀಗ್ ಪದ್ಧತಿ ಕೊಡಲಾರದು. ಪ್ರಸಾರದ ಹಕ್ಕನ್ನು ಕೊಳ್ಳುವವರಿಗೆ ಬೇಕಾದದ್ದು ಆ ಭರವಸೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಲೀಗ್ ಅಳೆಯುವುದು ದೀರ್ಘಕಾಲದ ಸ್ಥಿರತೆಯನ್ನು, ಕಪ್ ಅಳೆಯುವುದು ಒಂದು ದಿನದ ಆಟವನ್ನು, ಮತ್ತು ಭಾರತ ಹಳೆಯ ಕಾಲದಿಂದ ಕಪ್ಪಿನ ಕಡೆಗೆ ವಾಲಿದ ದೇಶ. ಇನ್ನು ಇವೆರಡನ್ನೂ ಒಂದೇ ಟೂರ್ನಿಯೊಳಗೆ ಕೂಡಿಸಿದಾಗ ಏನಾಯಿತೆಂಬುದನ್ನು ನೋಡಬೇಕು.

ಇಂಡಿಯನ್ ಸೂಪರ್ ಲೀಗ್ 2014ರ ಅಕ್ಟೋಬರಿನಲ್ಲಿ ಎಂಟು ತಂಡಗಳೊಂದಿಗೆ ಆರಂಭವಾಯಿತು. ಅದರ ಚೌಕಟ್ಟು ಯುರೋಪಿನ ಲೀಗುಗಳಿಗಿಂತ ಅಮೆರಿಕದ ಮೇಜರ್ ಲೀಗ್ ಸಾಕರ್‌ಗೆ ಹತ್ತಿರವಾದದ್ದು. ಮೊದಲು ಎಲ್ಲರೂ ಎಲ್ಲರೊಂದಿಗೆ ಆಡುತ್ತಿದ್ದರು. ಅಂಕಪಟ್ಟಿಯ ಮೇಲಿನ ನಾಲ್ಕು ತಂಡಗಳು, 2022-23ರಿಂದ 2024-25ರವರೆಗೆ ಆರು ತಂಡಗಳು, ಪ್ಲೇ ಆಫ್ ಎಂಬ ಹೊರದೂಡುವ ಸುತ್ತಿಗೆ ಹೋಗುತ್ತಿದ್ದವು. ಕೊನೆಗೆ ಫೈನಲ್ ಗೆದ್ದವರಿಗೆ ಟ್ರೋಫಿ ಸಲ್ಲುತ್ತಿತ್ತು. ಅಂಕಪಟ್ಟಿ ಕಣ್ಣ ಮುಂದೆ ಇಲ್ಲದ ಕೇಳುಗರಿಗೆ ಮೊದಲ ಆವೃತ್ತಿಯನ್ನು ಹೀಗೆ ವಿವರಿಸಬಹುದು: ಮೇಲ್ತುದಿಯಲ್ಲಿ ಚೆನ್ನೈಯಿನ್, ಅದರ ಕೆಳಗೆ ಗೋವಾ, ಮೂರನೆಯದು ಅಟ್ಲೆಟಿಕೊ ಡಿ ಕೋಲ್ಕತಾ, ನಾಲ್ಕನೆಯದು ಕೇರಳ ಬ್ಲಾಸ್ಟರ್ಸ್. ಫೈನಲ್ ಆಡಿದ್ದು ಮೂರನೆಯ ಮತ್ತು ನಾಲ್ಕನೆಯ ತಂಡಗಳು. ಹೆಚ್ಚುವರಿ ನಿಮಿಷಗಳಲ್ಲಿ ಮೊಹಮ್ಮದ್ ರಫೀಕ್ ಹೊಡೆದ ಒಂದೇ ಗೋಲಿನಿಂದ ಕೋಲ್ಕತ್ತ ಚಾಂಪಿಯನ್ ಆಯಿತು. ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ಚೆನ್ನೈಯಿನ್ ಸೆಮಿಫೈನಲಿನಲ್ಲೇ ಹೊರಬಿದ್ದಿತ್ತು.

ಇದು ಆಕಸ್ಮಿಕವಲ್ಲ ಎಂಬುದನ್ನು ಮುಂದಿನ ವರ್ಷಗಳು ತೋರಿಸಿದವು. 11 ಆವೃತ್ತಿಗಳಲ್ಲಿ ಅಂಕಪಟ್ಟಿಯ ಮೊದಲಿಗರೇ ಫೈನಲನ್ನೂ ಗೆದ್ದದ್ದು ಮೂರು ಸಲ ಮಾತ್ರ: 2018-19ರಲ್ಲಿ ಬೆಂಗಳೂರು, 2020-21ರಲ್ಲಿ ಮುಂಬೈ ಸಿಟಿ, 2024-25ರಲ್ಲಿ ಮೋಹನ್ ಬಾಗಾನ್. ಉಳಿದ ಎಂಟು ಸಲ ವರ್ಷದ ಲೆಕ್ಕವೂ ಕೊನೆಯ ರಾತ್ರಿಯ ಲೆಕ್ಕವೂ ಬೇರೆ ಬೇರೆ ಹೆಸರುಗಳನ್ನು ಹೇಳಿದವು. ಮುಂಗಾರಿಡೀ ಹೊಲ ಉತ್ತ ಜೋಡೆತ್ತು ಒಂದು, ಜಾತ್ರೆಯ ಓಟದಲ್ಲಿ ಬಹುಮಾನ ಹೊಡೆದ ಜೋಡೆತ್ತು ಇನ್ನೊಂದು ಎಂಬಂತೆ.

ಈ ಎಂಟರಲ್ಲಿ ಕರ್ನಾಟಕದವರಿಗೆ ಚೆನ್ನಾಗಿ ನೆನಪಿರುವುದು 2017-18. ಆ ವರ್ಷ ಬೆಂಗಳೂರು ಎಫ್.ಸಿ. ಐ-ಲೀಗನ್ನು ಬಿಟ್ಟು ಸೂಪರ್ ಲೀಗಿಗೆ ಬಂದಿತ್ತು. 18 ಪಂದ್ಯಗಳಲ್ಲಿ 13 ಗೆದ್ದು 40 ಅಂಕ ಗಳಿಸಿತು. ಎರಡನೆಯ ಸ್ಥಾನದ ಚೆನ್ನೈಯಿನ್ ಗಳಿಸಿದ್ದು 32. ಎಂಟು ಅಂಕಗಳ ಅಂತರವೆಂದರೆ ಸುಮಾರು ಮೂರು ಪಂದ್ಯಗಳ ಅಂತರ. ಅಷ್ಟು ಚಿಕ್ಕ ಲೀಗಿನಲ್ಲಿ ಇದು ಬಹಳ ದೊಡ್ಡದು. ಫೈನಲ್ ಕೂಡ ಕಂಠೀರವದಲ್ಲಿಯೇ ನಡೆಯಿತು, 2018ರ ಮಾರ್ಚ್ 17ರಂದು. ಒಂಬತ್ತನೆಯ ನಿಮಿಷದಲ್ಲಿ ಉದಾಂತ ಸಿಂಗ್ ಬಲಗಡೆಯಿಂದ ತೇಲಿಸಿದ ಚೆಂಡಿಗೆ ಸುನಿಲ್ ಛೆಟ್ರಿ ನೆಲಕ್ಕೆ ಸಮಾನಾಂತರವಾಗಿ ಮೈಚಾಚಿ ಹಾರಿ ತಲೆಯಿಂದ ಗೋಲು ಹೊಡೆದರು. ಅಲ್ಲಿಗೆ ಎಲ್ಲವೂ ವರ್ಷದ ಲೆಕ್ಕದಂತೆಯೇ ನಡೆಯುತ್ತಿತ್ತು. ಆಮೇಲೆ ಚೆನ್ನೈಯಿನ್‌ಗೆ ಎರಡು ಕಾರ್ನರ್ ಒದೆತಗಳು ಒಲಿದವು. ಎರಡನ್ನೂ ಒದ್ದವರು ಗ್ರೆಗರಿ ನೆಲ್ಸನ್, ಎರಡಕ್ಕೂ ತಲೆಕೊಟ್ಟವರು ಬ್ರೆಜಿಲ್‌ನ ರಕ್ಷಣಾ ಆಟಗಾರ ಮೈಲ್ಸನ್ ಆಲ್ವೆಸ್. ದ್ವಿತೀಯಾರ್ಧದಲ್ಲಿ ರಫೇಲ್ ಅಗಸ್ಟೊ ದೂರದಿಂದ ಹೊಡೆದ ಗೋಲು ಮೂರನೆಯದಾಯಿತು. ಹೆಚ್ಚುವರಿ ನಿಮಿಷಗಳಲ್ಲಿ ಮಿಕು ಒಂದನ್ನು ಹಿಂದಿರುಗಿಸಿದರೂ ಹೊತ್ತು ಮೀರಿತ್ತು. ಮೂರಕ್ಕೆ ಎರಡು. ಆ ರಾತ್ರಿ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಛೆಟ್ರಿಯವರಿಗೆ ಬಂತು. 40 ಅಂಕಗಳಿಗೆ ಮಾತ್ರ ಯಾವ ಪ್ರಶಸ್ತಿಯೂ ಇರಲಿಲ್ಲ, ಏಕೆಂದರೆ ಆ ಪ್ರಶ್ನೆಯನ್ನು ಲೀಗು ಆಗ ಇನ್ನೂ ಕೇಳಿಯೇ ಇರಲಿಲ್ಲ.

ಮರುವರ್ಷ ಇದೇ ಕ್ಲಬ್ಬು ಗೋವಾದಷ್ಟೇ, ಅಂದರೆ 34 ಅಂಕ ಗಳಿಸಿ, ಪಟ್ಟಿಯಲ್ಲಿ ಕೂದಲೆಳೆಯ ಅಂತರದಿಂದ ಮೇಲೆ ನಿಂತು, ಮುಂಬಯಿಯ ಫೈನಲಿನಲ್ಲಿ ಅದೇ ಗೋವಾವನ್ನು ರಾಹುಲ್ ಭೇಕೆಯ 117ನೇ ನಿಮಿಷದ ಹೆಡರ್‌ನಿಂದ ಸೋಲಿಸಿತು. ವಿಚಿತ್ರವೆಂದರೆ, ಎಂಟು ಅಂಕಗಳ ಮುನ್ನಡೆಯಿದ್ದ ತಂಡ ಬರಿಗೈಯಲ್ಲಿ ಹೋಯಿತು, ಒಂದು ಅಂಕದ ಮುನ್ನಡೆಯೂ ಇಲ್ಲದ ತಂಡ ಚಾಂಪಿಯನ್ ಆಯಿತು, ಮತ್ತು ಎರಡೂ ಒಂದೇ ಕ್ಲಬ್ಬು.

ಈ ಸಮಸ್ಯೆಯನ್ನು ಅಮೆರಿಕದ ಲೀಗು ಮೊದಲೇ ಎದುರಿಸಿತ್ತು. ಅಲ್ಲಿ 1996ರಲ್ಲಿ ಲೀಗ್ ಆರಂಭವಾದಾಗ ಚಾಂಪಿಯನ್ ಎಂಬ ಪದವಿ ಫೈನಲ್ ಗೆದ್ದವರಿಗೆ ಮಾತ್ರ ಇತ್ತು. ಅಂಕಪಟ್ಟಿಯ ಮೊದಲಿಗರಿಗೆ ಏನೂ ಇರಲಿಲ್ಲ. ಇದು ನ್ಯಾಯವಲ್ಲವೆಂದು ಮೊದಲು ಅನ್ನಿಸಿದ್ದು ಸಂಘಟಕರಿಗಲ್ಲ, ಅಭಿಮಾನಿಗಳಿಗೆ. ಬೇರೆ ಬೇರೆ ಕ್ಲಬ್ಬುಗಳ ಅಭಿಮಾನಿ ಗುಂಪುಗಳು ಸೇರಿ, ತಾವೇ ಹಣ ಕೂಡಿಸಿ, ಒಂದು ಶೀಲ್ಡು ಮಾಡಿಸಿ, 1999ರಿಂದ ಅದನ್ನು ಪಟ್ಟಿಯ ಮೊದಲಿಗರಿಗೆ ಕೊಡಲಾರಂಭಿಸಿದವು. ಅದರ ಹೆಸರು ಸಪೋರ್ಟರ್ಸ್ ಶೀಲ್ಡ್. ಇಂದಿಗೂ ಅದರ ಒಡೆತನ ಅಭಿಮಾನಿಗಳದೇ. 2020ರಲ್ಲಿ ಕೋವಿಡ್ ಕಾರಣದಿಂದ ಅಭಿಮಾನಿಗಳಿಗೆ ಕ್ರೀಡಾಂಗಣಕ್ಕೆ ಪ್ರವೇಶವಿಲ್ಲದಿದ್ದಾಗ ಆ ವರ್ಷ ಶೀಲ್ಡನ್ನು ಕೊಡುವುದಿಲ್ಲವೆಂದು ಅವರು ಘೋಷಿಸಿದರು. ಕ್ಲಬ್ಬುಗಳಿಂದಲೂ ಆಟಗಾರರಿಂದಲೂ ಅಸಮಾಧಾನದ ದನಿ ಎದ್ದಾಗ ಕೆಲವೇ ದಿನಗಳಲ್ಲಿ ಮನಸ್ಸು ಬದಲಿಸಿ ಫಿಲಡೆಲ್ಫಿಯಾ ಯೂನಿಯನ್ ತಂಡಕ್ಕೆ ಕೊಟ್ಟರು. ಯಾರೂ ಕೇಳದೆ ಹುಟ್ಟಿದ ಒಂದು ಗೌರವ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಬೆಲೆ ಪಡೆದುಕೊಂಡಿತ್ತು ಎಂಬುದಕ್ಕೆ ಆ ಅಸಮಾಧಾನವೇ ಪ್ರಮಾಣ. ಅಲ್ಲಿಯೂ ಎರಡು ಲೆಕ್ಕಗಳು ಹೊಂದುವುದು ಅಪರೂಪವೇ. 2024ರಲ್ಲಿ ಲಿಯೊನೆಲ್ ಮೆಸ್ಸಿಯವರ ಇಂಟರ್ ಮಯಾಮಿ 74 ಅಂಕಗಳ ದಾಖಲೆಯೊಂದಿಗೆ ಶೀಲ್ಡನ್ನು ಗೆದ್ದು, ಪ್ಲೇ ಆಫ್‌ನಲ್ಲಿ ತನಗೆದುರಾದ ಮೊದಲ ತಂಡಕ್ಕೇ, ಕೇವಲ 40 ಅಂಕ ಗಳಿಸಿದ್ದ ಅಟ್ಲಾಂಟಾಕ್ಕೆ, ಸೋತು ಹೊರಬಿತ್ತು.

ಸ್ವಲ್ಪ ಹಿಂದಕ್ಕೆ ನೋಡಿ ಮುಂದೆ ಹೋಗಬಹುದು. ಸೂಪರ್ ಲೀಗಿನಲ್ಲಿ ಪಟ್ಟಿಯ ಮೊದಲಿಗರು ಬೇರೆ, ಫೈನಲಿನ ವಿಜೇತರು ಬೇರೆ ಆಗುವುದು ವಾಡಿಕೆಯಾಗಿತ್ತು. ಅಮೆರಿಕದಲ್ಲಿ ಇದೇ ಕೊರತೆಯನ್ನು ಅಭಿಮಾನಿಗಳು ಶೀಲ್ಡಿನಿಂದ ತುಂಬಿದ್ದರು. ಭಾರತದಲ್ಲಿ ಶೀಲ್ಡು ಬಂದ ದಾರಿ ಯಾವುದು?

ಅದು 2019-20ರಲ್ಲಿ ಬಂತು, ಮೇಲಿನಿಂದ ಬಂತು. ಆ ವರ್ಷ ಸೂಪರ್ ಲೀಗ್ ದೇಶದ ಅಗ್ರ ಲೀಗ್ ಎಂಬ ಸ್ಥಾನವನ್ನು ಪಡೆಯಿತು. ಏಷ್ಯಾದ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಎ.ಎಫ್.ಸಿ. ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೆ ಭಾರತದ ಒಂದು ಕ್ಲಬ್ಬಿಗೆ ನೇರ ಪ್ರವೇಶ ದೊರೆತು, ಆ ಪ್ರವೇಶ ಫೈನಲ್ ಗೆದ್ದವರಿಗಲ್ಲ, ಪಟ್ಟಿಯ ಮೊದಲಿಗರಿಗೆ ಎಂದು ನಿರ್ಧಾರವಾಯಿತು. ಅದರ ಜೊತೆಗೇ ಲೀಗ್ ವಿನ್ನರ್ಸ್ ಶೀಲ್ಡ್ ಎಂಬ ಹೊಸ ಪ್ರಶಸ್ತಿಯೂ ಬಂದಿತು. ಮೊದಲ ಶೀಲ್ಡು ಎಫ್.ಸಿ. ಗೋವಾದ್ದು. ಟ್ರೋಫಿಯನ್ನು ಕೋಲ್ಕತ್ತದ ಎ.ಟಿ.ಕೆ. ಗೆದ್ದಿತು, ಆದರೆ 2021ರಲ್ಲಿ ಏಷ್ಯಾದ ದೊಡ್ಡ ತಂಡಗಳೆದುರು ಆಡಿದ್ದು, ಕತಾರಿನ ಅಲ್ ರಯಾನ್ ಮತ್ತು ಅಬುಧಾಬಿಯ ಅಲ್ ವಹ್ದಾ ತಂಡಗಳನ್ನು ಗೋಲಿಲ್ಲದ ಡ್ರಾದಲ್ಲಿ ಹಿಡಿದಿಟ್ಟದ್ದು, ಗೋವಾ. ಅಂದರೆ ಹೊರಜಗತ್ತು ಭಾರತದ ಚಾಂಪಿಯನ್ ಎಂದು ಗುರುತಿಸಿದ್ದು ಶೀಲ್ಡನ್ನು. ಒಳಗಿನ ಜನ ಗುರುತಿಸುತ್ತಿದ್ದದ್ದು ಟ್ರೋಫಿಯನ್ನು.

ಬಹುಮಾನದ ಹಣದಲ್ಲಿಯೂ ಈ ಇಬ್ಬಗೆ ಕಾಣುತ್ತದೆ. ಆರಂಭದಲ್ಲಿ ಶೀಲ್ಡಿಗೆ ಇದ್ದದ್ದು 50 ಲಕ್ಷ ರೂಪಾಯಿ, ಟ್ರೋಫಿಗೆ ಅದರ ಹಲವು ಪಟ್ಟು. 2021-22ರಲ್ಲಿ ಶೀಲ್ಡಿನ ಮೊತ್ತವನ್ನು ಮೂರೂವರೆ ಕೋಟಿಗೆ ಏರಿಸಲಾಯಿತು, ಟ್ರೋಫಿಯದು ಆರು ಕೋಟಿಗೆ ನಿಂತಿತು. ಸಂಘಟಕರ ಮನಸ್ಸು ಯಾವ ಕಡೆಗೆ ಎಷ್ಟು ಸರಿದಿದೆ ಎಂಬುದನ್ನು ಭಾಷಣಗಳಿಗಿಂತ ಇಂಥ ಅಂಕಿಗಳೇ ನಿಚ್ಚಳವಾಗಿ ಹೇಳುತ್ತವೆ. ಅದೇ ವರ್ಷ ಶೀಲ್ಡನ್ನು 43 ಅಂಕಗಳೊಂದಿಗೆ ಗೆದ್ದ ಜಮ್ಷೆಡ್‌ಪುರ ಸೆಮಿಫೈನಲಿನಲ್ಲಿ ನಾಲ್ಕನೆಯ ಸ್ಥಾನದ ಕೇರಳಕ್ಕೆ ಸೋತಿತು, ಟ್ರೋಫಿ ಹೈದರಾಬಾದಿಗೆ ಹೋಯಿತು. ಮರುವರ್ಷ 46 ಅಂಕಗಳ ಮುಂಬೈ ಸಿಟಿಯನ್ನು ಸೆಮಿಫೈನಲಿನ ಪೆನಾಲ್ಟಿ ಶೂಟೌಟಿನಲ್ಲಿ ಹೊರಹಾಕಿದ್ದು, ಹನ್ನೆರಡು ಅಂಕಗಳಷ್ಟು ಹಿಂದಿದ್ದ ಬೆಂಗಳೂರು. 2018ರಲ್ಲಿ ವರ್ಷದ ಲೆಕ್ಕ ಮಣ್ಣುಪಾಲಾಯಿತೆಂದು ಮರುಗಿದ ಅಭಿಮಾನಿಗಳು 2023ರಲ್ಲಿ ಆ ಲೆಕ್ಕವನ್ನು ಎತ್ತಲಿಲ್ಲ; ಎತ್ತಬೇಕಾಗಿಯೂ ಇರಲಿಲ್ಲ, ಫೈನಲ್ ಗೆದ್ದವರಿಗೇ ಟ್ರೋಫಿ ಎಂಬ ನಿಯಮ ಎರಡು ವರ್ಷವೂ ಒಂದೇ ಆಗಿತ್ತು. ಫೈನಲಿನಲ್ಲಿ ಬೆಂಗಳೂರು ಮತ್ತೆ ಪೆನಾಲ್ಟಿಗಳಲ್ಲೇ ಎ.ಟಿ.ಕೆ. ಮೋಹನ್ ಬಾಗಾನ್‌ಗೆ ಸೋತದ್ದು ಬೇರೆ ಮಾತು.

ಹಾಗಾದರೆ ಚಾಂಪಿಯನ್ ಯಾರು? ಇಪ್ಪತ್ತಕ್ಕೂ ಹೆಚ್ಚು ಪಂದ್ಯಗಳು ತಂಡವೊಂದರ ಬಲವನ್ನು ಒಂದೆರಡು ಪಂದ್ಯಗಳಿಗಿಂತ ನಿಖರವಾಗಿ ತೋರಿಸುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಫುಟ್‌ಬಾಲ್ ಕಡಿಮೆ ಗೋಲುಗಳ ಆಟ. ಒಂದು ಕಾರ್ನರ್, ಒಂದು ಕೆಂಪು ಕಾರ್ಡು ಇಡೀ ಪಂದ್ಯವನ್ನು ತಿರುಗಿಸುತ್ತದೆ, ಮತ್ತು ಅಂಥ ಅದೃಷ್ಟವೆಲ್ಲ ಹಲವು ಪಂದ್ಯಗಳ ಮೇಲೆ ಹರಡಿಕೊಂಡಾಗ ಮಾತ್ರ ಅದರ ತೂಕ ಕಡಿಮೆಯಾಗುತ್ತದೆ. ಆದ್ದರಿಂದ ಶೀಲ್ಡಿಗೇ ಹಿರಿಯ ಸ್ಥಾನ ಸಲ್ಲಬೇಕೆಂಬ ತೀರ್ಮಾನ ತರ್ಕಕ್ಕೆ ಒಪ್ಪುತ್ತದೆ. ಆದರೆ ಅಂಕಪಟ್ಟಿಗೂ ತನ್ನದೇ ದೌರ್ಬಲ್ಯವಿದೆ: ಅದನ್ನು ಕಾಗದದ ಮೇಲೆ ತಿದ್ದಬಹುದು. 2024-25ರ ಐ-ಲೀಗಿನಲ್ಲಿ ಚರ್ಚಿಲ್ ಬ್ರದರ್ಸ್ ಮೊದಲ ಸ್ಥಾನದಲ್ಲಿದೆಯೆಂದು ಘೋಷಣೆಯಾಗಿತ್ತು. ಆಟಗಾರರ ಅರ್ಹತೆಯ ಬಗೆಗಿನ ತಕರಾರುಗಳು ಸ್ವಿಟ್ಜರ್ಲೆಂಡಿನ ಕ್ರೀಡಾ ಪಂಚಾಯ್ತಿ ನ್ಯಾಯಾಲಯದವರೆಗೆ ಹೋಗಿ, 2025ರ ಜುಲೈಯಲ್ಲಿ ಇಂಟರ್ ಕಾಶಿ ಚಾಂಪಿಯನ್ ಎಂದು ತೀರ್ಪು ಬಂತು. ಆಟ ಮುಗಿದು ತಿಂಗಳುಗಳಾದ ಮೇಲೆ, ಒಂದು ಚೆಂಡನ್ನೂ ಒದೆಯದೆ, ಚಾಂಪಿಯನ್ ಬದಲಾದದ್ದು ಹೀಗೆ.

ಕ್ಲಬ್ಬುಗಳ ಗೌರವ ಎರಡು ಬಗೆಯದೆಂದೂ, ಎರಡಕ್ಕೂ ಅದರದರ ಮಿತಿಯಿದೆಯೆಂದೂ ಇಷ್ಟುಹೊತ್ತು ಹೇಳಿದ್ದಾಯಿತು. ಇನ್ನು ಆಟಗಾರರ ವೈಯಕ್ತಿಕ ಗೌರವಗಳು. ಹನ್ನೊಂದು ಜನ ಕೂಡಿ ಆಡುವ ಆಟದಲ್ಲಿ ಒಬ್ಬನನ್ನು ಬೇರೆ ಮಾಡಿ ಎತ್ತಿ ತೋರಿಸುವುದು ಸ್ವಲ್ಪ ಒರಟಾದ ಕೆಲಸವೇ. ಆದರೂ ಎಲ್ಲ ಲೀಗುಗಳೂ ಅದನ್ನು ಮಾಡುತ್ತವೆ.

ಇವುಗಳಲ್ಲಿ ಸರಳವಾದದ್ದು ಗೋಲ್ಡನ್ ಬೂಟ್, ಅಂದರೆ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಚಿನ್ನದ ಬಣ್ಣದ ಬೂಟು. ಇಲ್ಲಿ ಅಭಿಪ್ರಾಯಕ್ಕೆ ಎಡೆಯಿಲ್ಲ, ಎಣಿಸಿದರೆ ಸಾಕು ಎಂದು ತೋರುತ್ತದೆ. ಆದರೆ ಏನನ್ನು ಎಣಿಸಬೇಕು ಎಂಬುದೂ ಒಂದು ಅಭಿಪ್ರಾಯವೇ. ಅಮೆರಿಕದ ಲೀಗು 1996ರಿಂದ 2004ರವರೆಗೆ ಗೋಲಿಗೆ 2 ಅಂಕ, ಅಸಿಸ್ಟಿಗೆ, ಅಂದರೆ ಗೋಲು ಹೊಡೆಯುವವನಿಗೆ ಚೆಂಡು ಒದಗಿಸಿದ್ದಕ್ಕೆ, 1 ಅಂಕ ಎಂದು ಕೂಡಿಸಿ ಅಗ್ರ ಸ್ಕೋರರನ್ನು ನಿರ್ಧರಿಸುತ್ತಿತ್ತು. 2005ರಿಂದ ಬರೀ ಗೋಲುಗಳ ಲೆಕ್ಕಕ್ಕೆ ಬಂದಿತು. ಭಾರತದಲ್ಲಿ 2019-20ರಲ್ಲಿ ಮೂವರು 15 ಗೋಲು ಹೊಡೆದಿದ್ದರು, ಬೂಟು ಸಿಕ್ಕಿದ್ದು ಚೆನ್ನೈಯಿನ್‌ನ ನೆರಿಯಸ್ ವಾಲ್ಸ್ಕಿಸ್ ಒಬ್ಬರಿಗೆ. ಉಳಿದಿಬ್ಬರು, ರಾಯ್ ಕೃಷ್ಣ ಮತ್ತು ಬಾರ್ತಲೊಮ್ಯೂ ಒಗ್ಬೆಚೆ, ಅಷ್ಟೇ ಗೋಲು ಹೊಡೆದೂ ಪಟ್ಟಿಯ ಅಡಿಟಿಪ್ಪಣಿಗೆ ಇಳಿದರು.

ಬೂಟಿನ ಪಟ್ಟಿಯನ್ನು ಕ್ಲಬ್ಬುಗಳ ಪಟ್ಟಿಯ ಪಕ್ಕಕ್ಕಿಟ್ಟರೆ ಇನ್ನೊಂದು ಸಂಗತಿ ಹೊರಬರುತ್ತದೆ. 11 ಆವೃತ್ತಿಗಳಲ್ಲಿ ಬೂಟು ಪಡೆದವರು ಟ್ರೋಫಿ ಗೆದ್ದ ತಂಡದವರೇ ಆಗಿದ್ದದ್ದು ಎರಡು ಸಲ ಮಾತ್ರ: 2015ರಲ್ಲಿ ಚೆನ್ನೈಯಿನ್‌ನ ಸ್ಟಿವೆನ್ ಮೆಂಡೋಜಾ, 2021-22ರಲ್ಲಿ ಹೈದರಾಬಾದಿನ ಒಗ್ಬೆಚೆ. ಗೋವಾದ ಫೆರಾನ್ ಕೊರೊಮಿನಾಸ್, ಅಭಿಮಾನಿಗಳ ಬಾಯಲ್ಲಿ ಕೊರೊ, ಬೆನ್ನುಬೆನ್ನಿಗೆ ಎರಡು ವರ್ಷ 18 ಮತ್ತು 16 ಗೋಲು ಹೊಡೆದು ಬೂಟು ಪಡೆದರು. ಟ್ರೋಫಿ ಎರಡು ವರ್ಷವೂ ಬೇರೆಯವರ ಪಾಲಾಯಿತು. 2024-25ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ನ ಮೊರಾಕ್ಕೊ ಆಟಗಾರ ಅಲಾವುದ್ದೀನ್ ಅಜಾರಾಯಿ 23 ಗೋಲುಗಳ ಹೊಸ ದಾಖಲೆ ಮಾಡಿ ಬೂಟನ್ನೂ ಅತ್ಯುತ್ತಮ ಆಟಗಾರನ ಗೋಲ್ಡನ್ ಬಾಲನ್ನೂ ಒಟ್ಟಿಗೆ ಪಡೆದರು, ಆದರೆ ಶೀಲ್ಡು ಮತ್ತು ಟ್ರೋಫಿ ಎರಡೂ ಮೋಹನ್ ಬಾಗಾನ್‌ನ ಮನೆಗೆ ಹೋದವು.

ಇದಕ್ಕಿಂತ ಹೆಚ್ಚು ಯೋಚಿಸಬೇಕಾದ ಸಂಗತಿ ಮತ್ತೊಂದಿದೆ. ಕೇಳುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಈ 11 ಬೂಟುಗಳಲ್ಲಿ ಒಂದೂ ಭಾರತೀಯನಿಗೆ ಬಂದಿಲ್ಲ. ಅದೇ ಗೋಲ್ಡನ್ ಗ್ಲೌವ್, ಅಂದರೆ ಅತ್ಯುತ್ತಮ ಗೋಲ್‌ಕೀಪರನಿಗೆ ಕೊಡುವ ಚಿನ್ನದ ಕೈಗವಸು, ಮೊದಲ ಎರಡು ಆವೃತ್ತಿಗಳಲ್ಲಿ ವಿದೇಶೀಯರಿಗೆ ಹೋದದ್ದನ್ನು ಬಿಟ್ಟರೆ, 2016ರಲ್ಲಿ ಅಮರಿಂದರ್ ಸಿಂಗ್ ಪಡೆದಲ್ಲಿಂದ ಈಚೆಗೆ ಒಂಬತ್ತು ಸಲವೂ ಭಾರತೀಯರಿಗೇ ಬಂದಿದೆ. ಬೆಂಗಳೂರಿನ ಗುರುಪ್ರೀತ್ ಸಿಂಗ್ ಸಂಧು ಅವರಿಗೆ ಎರಡು ಸಲ, ಮೋಹನ್ ಬಾಗಾನ್‌ನ ವಿಶಾಲ್ ಕೈತ್ ಅವರಿಗೆ ಎರಡು ಸಲ. ಭಾರತೀಯರಿಗೆ ಗೋಲು ತಡೆಯಲು ಬರುತ್ತದೆ, ಹೊಡೆಯಲು ಬರುವುದಿಲ್ಲ ಎಂದು ಇದರಿಂದ ತೀರ್ಮಾನಿಸಿದರೆ ಅದು ಆತುರದ ಮಾತಾಗುತ್ತದೆ. ಕಾರಣ ನಿಯಮದಲ್ಲಿದೆ, ಹಣದಲ್ಲಿದೆ. ಮೈದಾನದಲ್ಲಿ ಒಂದೇ ಹೊತ್ತಿಗೆ ಇಂತಿಷ್ಟೇ ವಿದೇಶೀಯರು ಇರಬಹುದೆಂಬ ಮಿತಿ ಲೀಗಿನಲ್ಲಿದೆ. ಮೊದಲು ಆರು ಇದ್ದದ್ದು ಐದಾಗಿ, 2021-22ರಿಂದ ನಾಲ್ಕಕ್ಕೆ ಇಳಿಯಿತು. ಇರುವ ನಾಲ್ಕು ಜಾಗಗಳನ್ನು ಕ್ಲಬ್ಬುಗಳು ಪಂದ್ಯ ಗೆಲ್ಲಿಸಿಕೊಡುವ ಕಡೆಗೆ, ಅಂದರೆ ಮುಂಚೂಣಿಗೆ, ಮಧ್ಯದ ಮೈದಾನಕ್ಕೆ, ಬೇಕಾದರೆ ರಕ್ಷಣೆಯ ನಡುಗಂಬಕ್ಕೆ ಮೀಸಲಿಡುತ್ತವೆ. ಗೋಲ್‌ಕೀಪರನ ಜಾಗಕ್ಕೆ ವಿದೇಶೀಯನನ್ನು ಕರೆತಂದು ಒಂದು ಸ್ಥಾನವನ್ನು ಕಳೆದುಕೊಳ್ಳಲು ಯಾರೂ ಸಿದ್ಧರಿಲ್ಲ. ಹೀಗಾಗಿ ಭಾರತೀಯ ಗೋಲ್‌ಕೀಪರ್ ವರ್ಷವಿಡೀ ಆಡುತ್ತಾನೆ, ಭಾರತೀಯ ಸ್ಟ್ರೈಕರ್ ಬೆಂಚಿನ ಮೇಲೆ ಕೂರುತ್ತಾನೆ ಅಥವಾ ಅಂಚಿಗೆ ಸರಿದು ಆಡುತ್ತಾನೆ. ಲೀಗಿನ ಇತಿಹಾಸದಲ್ಲಿ ಒಟ್ಟು 70ಕ್ಕೂ ಹೆಚ್ಚು ಗೋಲು ಹೊಡೆದ ಛೆಟ್ರಿಯವರಿಗೂ ಬೂಟು ದಕ್ಕಿಲ್ಲ. 40ನೆಯ ವಯಸ್ಸಿನಲ್ಲಿ, 2024-25ರಲ್ಲಿ, ಅವರು ಹೊಡೆದ 14 ಗೋಲುಗಳೇ ಆ ವರ್ಷ ಭಾರತೀಯನೊಬ್ಬ ಹೊಡೆದ ಅತಿ ಹೆಚ್ಚು ಗೋಲುಗಳು. ರಾಷ್ಟ್ರೀಯ ತಂಡಕ್ಕೆ ಅವರ ನಂತರ ಯಾರು ಎಂಬ ಪ್ರಶ್ನೆ ಏಕೆ ಇಷ್ಟು ಬಿಗಿಯಾಗಿದೆ ಎಂಬುದನ್ನು ತಿಳಿಯಲು ಬೂಟು ಮತ್ತು ಕೈಗವಸಿನ ಈ ಎರಡು ಪಟ್ಟಿಗಳನ್ನು ಓದಿದರೆ ಬಹುಪಾಲು ಉತ್ತರ ಸಿಗುತ್ತದೆ.

ಕೈಗವಸಿನ ಲೆಕ್ಕವೂ ಪೂರ್ತಿ ಗೋಲ್‌ಕೀಪರನದಲ್ಲ. ಗೋಲು ಬಿಡದೆ ಮುಗಿಸಿದ ಪಂದ್ಯವನ್ನು ಕ್ಲೀನ್ ಶೀಟ್ ಎನ್ನುತ್ತಾರೆ. ಅದರಲ್ಲಿ ಅವನ ಮುಂದೆ ನಿಂತ ರಕ್ಷಣಾ ಆಟಗಾರರ ಪಾಲು ಅವನದಕ್ಕಿಂತ ಹೆಚ್ಚಿರಬಹುದು. 2021-22ರಲ್ಲಿ ಕೈಗವಸು ಕೇರಳದ ಪ್ರಭಸುಖನ್ ಗಿಲ್ ಅವರಿಗೆ ಬಂತು. ಅದೇ ವರ್ಷದ ಫೈನಲ್ ಒಂದಕ್ಕೊಂದರಲ್ಲಿ ನಿಂತು ಪೆನಾಲ್ಟಿಗಳಿಗೆ ಹೋದಾಗ, ಎದುರು ಕಂಬಗಳ ನಡುವೆ ನಿಂತ ಹೈದರಾಬಾದಿನ ಲಕ್ಷ್ಮೀಕಾಂತ ಕಟ್ಟಿಮನಿ ಮೂರು ಒದೆತಗಳನ್ನು ತಡೆದು ತಮ್ಮ ತಂಡಕ್ಕೆ ಟ್ರೋಫಿ ತಂದುಕೊಟ್ಟರು. ವರ್ಷದ ಲೆಕ್ಕ ಒಬ್ಬರನ್ನು, ರಾತ್ರಿಯ ಲೆಕ್ಕ ಇನ್ನೊಬ್ಬರನ್ನು ಆರಿಸಿತು. ಕ್ಲಬ್ಬುಗಳಲ್ಲಿ ಕಂಡ ಇಬ್ಬಗೆಯೇ ಇಲ್ಲಿ ಇಬ್ಬರು ವ್ಯಕ್ತಿಗಳಲ್ಲಿ ಕಾಣಿಸಿಕೊಂಡಿತು.

ಎಣಿಕೆಗೆ ಸಿಗದ ಆಟಕ್ಕೆ ಉಳಿಯುವ ದಾರಿ ಮತದಾನ. ಮತ ಹಾಕುವವರು ಯಾರು ಎಂಬುದರ ಮೇಲೆ ಆ ಗೌರವದ ಗುಣ ನಿಂತಿದೆ. ಇಂಗ್ಲೆಂಡಿನಲ್ಲಿ ಪತ್ರಕರ್ತರು 1948ರಿಂದ ವರ್ಷದ ಆಟಗಾರನನ್ನು ಆರಿಸುತ್ತಾರೆ. ಅವರು ಆರಿಸಿದ ಮೊದಲಿಗರು ಸ್ಟಾನ್ಲಿ ಮ್ಯಾಥ್ಯೂಸ್, ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡಿ ನೋಡುವವರ ಮನ ಸೆಳೆಯುತ್ತಿದ್ದವರು. ಆಟಗಾರರ ಸಂಘ 1974ರಲ್ಲಿ ತನ್ನದೇ ಪ್ರಶಸ್ತಿ ಆರಂಭಿಸಿದಾಗ ಆರಿಸಿದ್ದು ಲೀಡ್ಸ್ ತಂಡದ ನಾರ್ಮನ್ ಹಂಟರ್ ಅವರನ್ನು, ಎದುರಾಳಿಗಳು ಅಂಜುತ್ತಿದ್ದ ಗಡಸು ರಕ್ಷಣಾ ಆಟಗಾರನನ್ನು. ಹೊರಗಿನಿಂದ ನೋಡುವವರಿಗೂ ಎದುರು ನಿಂತು ಪೆಟ್ಟು ತಿಂದವರಿಗೂ ಕಾಣುವ ಆಟ ಬೇರೆ ಬೇರೆ. ಭಾರತದಲ್ಲಿ ಫುಟ್‌ಬಾಲ್ ಒಕ್ಕೂಟದ ವರ್ಷದ ಆಟಗಾರ ಪ್ರಶಸ್ತಿ 1992ರಲ್ಲಿ ಐ.ಎಂ. ವಿಜಯನ್ ಅವರಿಂದ ಆರಂಭವಾಯಿತು. ಛೆಟ್ರಿಯವರು ಅದನ್ನು ಏಳು ಸಲ ಪಡೆದಿದ್ದಾರೆ. ರಕ್ಷಣಾ ಆಟಗಾರ ಸಂದೇಶ್ ಜಿಂಗನ್ 2020-21ರಲ್ಲಿ ಪಡೆದದ್ದು, ಬೂಟೂ ಕೈಗವಸೂ ಮುಟ್ಟಲಾರದ ಕೆಲಸವನ್ನು ಯಾರೋ ಗಮನಿಸಿದ್ದರೆಂಬುದಕ್ಕೆ ಗುರುತು.

ಕೊನೆಯದಾಗಿ, ಹಿಂದಿನ ವರ್ಷಗಳನ್ನು ಗೌರವಿಸುವ ವಿಚಾರ. ಅಮೆರಿಕದ ಅಭಿಮಾನಿಗಳು 1999ರಲ್ಲಿ ಶೀಲ್ಡು ಕೊಡಲಾರಂಭಿಸಿದಾಗ, ಅದಕ್ಕೂ ಮೊದಲಿನ ಮೂರು ವರ್ಷಗಳಲ್ಲಿ ಪಟ್ಟಿಯ ಮೇಲ್ತುದಿಯಲ್ಲಿದ್ದ ತಂಡಗಳನ್ನೂ ವಿಜೇತರ ಸಾಲಿಗೆ ಸೇರಿಸಿದರು. ಹಾಗಾಗಿ 1996ರ ಟ್ಯಾಂಪಾ ಬೇ ಮ್ಯುಟಿನಿ ಎಂಬ ತಂಡ, ಕೆಲವೇ ವರ್ಷಗಳಲ್ಲಿ ಮುಚ್ಚಿಹೋದರೂ, ಮೊದಲ ವಿಜೇತನೆಂದು ದಾಖಲೆಯಲ್ಲಿ ಉಳಿದಿದೆ. ಭಾರತದ ಶೀಲ್ಡಿನ ಲೆಕ್ಕ 2019-20ರಿಂದ ಆರಂಭವಾಗುತ್ತದೆ. 2014ರ ಚೆನ್ನೈಯಿನ್, 2015ರ ಗೋವಾ, 2016ರ ಮುಂಬೈ ಆ ಸಾಲಿನಲ್ಲಿಲ್ಲ. 2017-18ರಲ್ಲಿ 40 ಅಂಕ ಗಳಿಸಿದ ಬೆಂಗಳೂರಿನ ಗೌರವಪಟ್ಟಿಯಲ್ಲಿ ಆ ಆವೃತ್ತಿಯ ಎದುರು ಬರೆದಿರುವುದು ಇಂದಿಗೂ ರನ್ನರ್ಸ್ ಅಪ್ ಎಂದೇ.